ಶಾಲಾ ಮಕ್ಕಳ ನಶೆ: ಬ್ಯಾಗು ತಪಾಸಣೆಗೆ ಸಿಗದ ಸಂಗತಿಗಳು

2022ರ ನವೆಂಬರ್ ಕೊನೆಯಲ್ಲಿ ಬೆಂಗಳೂರಿನ ಹಲವು ಖಾಸಗಿ ಶಾಲೆಗಳಲ್ಲಿ 8, 9 ಮತ್ತು 10ನೇ ತರಗತಿಯ ಮಕ್ಕಳ ಬ್ಯಾಗುಗಳನ್ನು ದಿಢೀರನೆ ತಪಾಸಣೆ ಮಾಡಲಾಯಿತು. ಮಕ್ಕಳು ತರಗತಿಗೆ ಮೊಬೈಲ್ ತರುತ್ತಿದ್ದಾರೆಂಬ ದೂರುಗಳ ಮೇಲೆ ಖಾಸಗಿ ಶಾಲಾ ಆಡಳಿತ ಮಂಡಳಿಗಳ ಸಂಘಟನೆಯಾದ ‘ಕ್ಯಾಮ್ಸ್’ ಈ ಸೂಚನೆ ಕೊಟ್ಟಿತ್ತು. ಫೋನುಗಳ ಜೊತೆಗೆ ಸಿಗರೇಟು, ಲೈಟರ್, ವೈಟ್ನರ್ (ಬರಹದ ತಪ್ಪು ಅಳಿಸುವ ಈ ದ್ರವವನ್ನು ನಶೆಗಾಗಿ ಮೂಗಿನಿಂದ ಎಳೆದುಕೊಳ್ಳುವವರಿದ್ದಾರೆ), ಕಾಂಡೋಮ್, ಗರ್ಭನಿರೋಧಕ ಮಾತ್ರೆಗಳೂ ಸಿಕ್ಕವು. ಕೆಲವು ನೀರಿನ ಬಾಟಲಿಗಳಲ್ಲಿ ಮದ್ಯವಿತ್ತು. ಆ ವಾರವಿಡೀ ಟಿ.ವಿ. ಚರ್ಚೆಗಳು ಕಾಂಡೋಮ್ ಹಿಡಿದುಕೊಂಡೇ ನಡೆದವು. ವೈಟ್ನರ್ ಮತ್ತು ಮದ್ಯದ ಮಾತು ಅದರಡಿ ಮುಚ್ಚಿಹೋಯಿತು. ಹಾಗೆ ಸಿಕ್ಕಿದ ನಶೆಯ ಪದಾರ್ಥಗಳು ಎಲ್ಲಿಂದ ಬಂದವು ಎಂದು ಯಾರಾದರೂ ಕೇಳಿದ್ದರೆ ಉತ್ತರ ಕಷ್ಟವಿರಲಿಲ್ಲ. ಸಿಗರೇಟು ಬೀಡಾ ಅಂಗಡಿಯದು, ವೈಟ್ನರ್ ಸ್ಟೇಷನರಿ ಅಂಗಡಿಯದು, ಮದ್ಯ ಎಂಆರ್‌ಪಿ ಅಂಗಡಿಯದು ಅಥವಾ ಮನೆಯ ಬೀರುವಿನದು.

ಶಾಲಾ ಮಕ್ಕಳು ಮತ್ತು ಡ್ರಗ್ಸ್ ಎಂದ ಕೂಡಲೇ ನಮ್ಮ ಕಣ್ಣಮುಂದೆ ಬರುವುದು ಬೇರೆಯೇ ಚಿತ್ರ: ಪೊಲೀಸರು ಮೇಜಿನ ಮೇಲೆ ಸಾಲಾಗಿ ಜೋಡಿಸಿಟ್ಟ ಎಂಡಿಎಂಎ ಪೊಟ್ಟಣಗಳು, ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಸೂಟ್‌ಕೇಸಿನೊಳಗಿಂದ ತೆಗೆದ ಹೈಡ್ರೋ ಗಾಂಜಾ, ಮುಖಕ್ಕೆ ಬಟ್ಟೆ ಸುತ್ತಿ ನಿಲ್ಲಿಸಿದ ಪೆಡ್ಲರ್‌ಗಳು. ಆ ಜಾಲವೂ ನಿಜ, ಅದರ ಅಪಾಯವೂ ನಿಜ. ಆದರೆ ಹದಿಮೂರು ವರ್ಷದ ಮಗುವಿನ ಕೈಗೆ ನಶೆ ಮೊದಲು ತಲುಪುವ ದಾರಿ ಅದಲ್ಲ. ಆ ಮಗುವನ್ನು ನಾವು ಕಂಡುಹಿಡಿಯುವ ರೀತಿ ಮತ್ತು ಕಂಡುಹಿಡಿದ ಮೇಲೆ ನಡೆದುಕೊಳ್ಳುವ ರೀತಿ, ಎರಡೂ ಮಗು ಬಾಯಿಬಿಡದಂತೆ ಮಾಡುತ್ತಿವೆ ಎಂಬುದು ಈ ಲೇಖನದ ವಾದ.

ಮೊದಲು ಅಂಕಿಗಳು. ದೆಹಲಿಯ ಏಮ್ಸ್ ನೇತೃತ್ವದಲ್ಲಿ ಬೆಂಗಳೂರು, ಹೈದರಾಬಾದ್, ಮುಂಬೈ, ದೆಹಲಿ, ಚಂಡೀಗಢ, ಲಖನೌ, ರಾಂಚಿ, ಜಮ್ಮು, ಇಂಫಾಲ, ದಿಬ್ರೂಗಢ ಹೀಗೆ ಹತ್ತು ನಗರಗಳ 5,920 ವಿದ್ಯಾರ್ಥಿಗಳ ನಡುವೆ ನಡೆದ ಸಮೀಕ್ಷೆಯೊಂದರ ಫಲಿತಾಂಶ 2025ರಲ್ಲಿ ‘ನ್ಯಾಷನಲ್ ಮೆಡಿಕಲ್ ಜರ್ನಲ್ ಆಫ್ ಇಂಡಿಯಾ’ದಲ್ಲಿ ಪ್ರಕಟವಾಯಿತು. 8, 9, 11 ಮತ್ತು 12ನೇ ತರಗತಿಯ ಈ ಮಕ್ಕಳ ಪೈಕಿ ಶೇ 15.1ರಷ್ಟು ಮಂದಿ ಯಾವುದಾದರೂ ಒಂದು ಮಾದಕ ವಸ್ತುವನ್ನು ಒಮ್ಮೆಯಾದರೂ ಬಳಸಿದ್ದರು, ಶೇ 10.3ರಷ್ಟು ಮಂದಿ ಹಿಂದಿನ ಒಂದು ವರ್ಷದಲ್ಲಿ, ಶೇ 7.2ರಷ್ಟು ಮಂದಿ ಹಿಂದಿನ ಒಂದು ತಿಂಗಳಲ್ಲಿ ಬಳಸಿದ್ದರು. ಶುರುವಾದ ಸರಾಸರಿ ವಯಸ್ಸು 12.9 ವರ್ಷ. ನಲವತ್ತು ಮಕ್ಕಳ ತರಗತಿಯಲ್ಲಿ ಸರಾಸರಿ ಮೂವರು ಕಳೆದ ತಿಂಗಳು ಏನನ್ನೋ ಸೇದಿದ್ದಾರೆ, ಕುಡಿದಿದ್ದಾರೆ ಅಥವಾ ನುಂಗಿದ್ದಾರೆ ಎಂದು ಇದರ ಅರ್ಥ.

ಈ ಅಂಕಿಗಳನ್ನು ಓದುವಾಗ ಎರಡು ಕಡೆಯ ಎಚ್ಚರ ಬೇಕು. ಒಂದು, ಇವು ಮಕ್ಕಳೇ ಹೇಳಿದ ಲೆಕ್ಕ. ಬಳಕೆಯ ಬಗ್ಗೆ ಯಾರಾದರೂ ಕೇಳಿದರೆ ಮುಚ್ಚಿಡುತ್ತೇವೆ ಎಂದು ಅರ್ಧಕ್ಕಿಂತ ಹೆಚ್ಚು ಮಕ್ಕಳು ಅದೇ ಸಮೀಕ್ಷೆಯಲ್ಲಿ ಹೇಳಿದ್ದಾರೆ. ಶಾಲೆ ಬಿಟ್ಟ ಮಕ್ಕಳಂತೂ ಲೆಕ್ಕದಲ್ಲೇ ಇಲ್ಲ. ಆದ್ದರಿಂದ ನಿಜವಾದ ಪ್ರಮಾಣ ಇದಕ್ಕಿಂತ ಕಡಿಮೆ ಇರುವ ಸಂಭವ ಕಡಿಮೆ. ಇನ್ನೊಂದು, ನೂರಕ್ಕೆ ಸುಮಾರು ಎಂಬತ್ತೈದು ಮಕ್ಕಳು ಯಾವುದನ್ನೂ ಮುಟ್ಟಿಲ್ಲವೆಂದು ಅದೇ ಅಂಕಿ ಹೇಳುತ್ತದೆ. ‘ಈಗಿನ ಮಕ್ಕಳೆಲ್ಲ ಹಾಳಾಗಿಬಿಟ್ಟಿದ್ದಾರೆ’ ಎಂದು ವೇದಿಕೆಯಿಂದ ಹೇಳುವ ಭಾಷಣಕಾರರು ತಿಳಿಯದೆಯೇ ಹಾನಿ ಮಾಡುತ್ತಾರೆ. ಎಲ್ಲರೂ ಮಾಡುತ್ತಿದ್ದಾರೆ, ನಾನೊಬ್ಬನೇ ಉಳಿದಿದ್ದೇನೆ ಎಂಬ ಭಾವನೆ ಆ ವಯಸ್ಸಿನಲ್ಲಿ ಯಾವ ಪೆಡ್ಲರ್‌ಗಿಂತಲೂ ಬಲವಾಗಿ ಎಳೆಯುತ್ತದೆ.

ಯಾವ ವಸ್ತು ಎಂಬ ಪ್ರಶ್ನೆಗೆ ಸಿಕ್ಕ ಉತ್ತರ ಹೆಚ್ಚು ಕುತೂಹಲಕರ. ಹಿಂದಿನ ಒಂದು ವರ್ಷದ ಬಳಕೆಯಲ್ಲಿ ತಂಬಾಕು (ಶೇ 4) ಮತ್ತು ಮದ್ಯ (ಶೇ 3.8) ಮೊದಲೆರಡು ಸ್ಥಾನದಲ್ಲಿವೆ. ಮೂರನೆಯದು ಗಾಂಜಾ ಇರಬಹುದೆಂದು ಯಾರಾದರೂ ಊಹಿಸುತ್ತಾರೆ. ಅದು ಗಾಂಜಾ ಅಲ್ಲ, ಒಪಿಯಾಯ್ಡ್‌ಗಳು, ಅಂದರೆ ಅಫೀಮಿನ ಗುಣವುಳ್ಳ ಪದಾರ್ಥಗಳು (ಶೇ 2.8). ಗಾಂಜಾ, ಭಂಗಿ ಮುಂತಾದವು ಅವುಗಳ ನಂತರ (ಶೇ 2), ಮೂಗಿನಿಂದ ಎಳೆದುಕೊಳ್ಳುವ ರಾಸಾಯನಿಕಗಳು ಅದರ ಬೆನ್ನಿಗೇ (ಶೇ 1.9). ಒಪಿಯಾಯ್ಡ್ ಬಳಸಿದವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ತೆಗೆದುಕೊಂಡಿದ್ದು ವೈದ್ಯರ ಚೀಟಿ ಇಲ್ಲದ ಔಷಧಗಳನ್ನು. ಮೆಡಿಕಲ್ ಸ್ಟೋರಿನ ಕೌಂಟರಿನಿಂದ ಅಥವಾ ಅದರ ಹಿಂಬಾಗಿಲಿನಿಂದ ಬರುವ ಈ ಮಾತ್ರೆ, ಸಿರಪ್‌ಗಳಿಗೆ ವಾಸನೆಯಿಲ್ಲ, ಹೊಗೆಯಿಲ್ಲ. ಕಂಪಾಸ್ ಬಾಕ್ಸಿನಲ್ಲಿ ಒಂದು ಸ್ಟ್ರಿಪ್ ಇದ್ದರೆ ತಲೆನೋವಿನ ಮಾತ್ರೆ ಎಂದರೆ ಮುಗಿಯಿತು.

ಇದರ ಹಿಂದೆ ಒಂದು ಕಾನೂನಿನ ಓಟವೂ ಇದೆ. ನೋವು ನಿವಾರಕ ಟ್ರಾಮಡಾಲ್ ದುರ್ಬಳಕೆ ಹೆಚ್ಚಾದಾಗ ಕೇಂದ್ರ ಸರ್ಕಾರ 2018ರಲ್ಲಿ ಅದನ್ನು ಮಾದಕ ವಸ್ತು ನಿಯಂತ್ರಣ ಕಾಯ್ದೆಯ ವ್ಯಾಪ್ತಿಗೆ ತಂದಿತು. ಅದು ಕೈಗೆಟುಕದಂತಾದಾಗ ಟ್ಯಾಪೆಂಟಡಾಲ್ ಎಂಬ ಅದರದೇ ಬಳಗದ ಮತ್ತೊಂದು ಔಷಧ ಬೀದಿಗೆ ಬಂತು. ಕರ್ನಾಟಕದಲ್ಲಿ ಈಚಿನ ವರ್ಷಗಳಲ್ಲಿ ಪೊಲೀಸರು ಮತ್ತೆ ಮತ್ತೆ ವಶಪಡಿಸಿಕೊಂಡಿರುವ ಮಾತ್ರೆಗಳಲ್ಲಿ ಇದೂ ಇದೆ. ಚೀಟಿ ಇಲ್ಲದೆ ಮಾರುವಂತಿಲ್ಲ ಎಂಬ ನಿಯಮ ಮೊದಲಿನಿಂದಲೂ ಇದೆ. ಅದನ್ನು ಜಾರಿ ಮಾಡಬೇಕಾದವರು ಔಷಧ ನಿಯಂತ್ರಣ ಇಲಾಖೆಯ ಇನ್‌ಸ್ಪೆಕ್ಟರ್‌ಗಳು. ಶಾಲಾ ಮಕ್ಕಳ ನಶೆ ಕುರಿತ ಸಭೆಗಳಲ್ಲಿ ಶಿಕ್ಷಣ ಇಲಾಖೆಯವರೂ ಪೊಲೀಸರೂ ಕೂತಿರುತ್ತಾರೆ, ಇವರ ಹೆಸರನ್ನು ಮಾತ್ರ ಯಾರೂ ತೆಗೆಯುವುದಿಲ್ಲ.

ಅತಿ ಚಿಕ್ಕ ವಯಸ್ಸಿನಲ್ಲಿ ಶುರುವಾಗುವುದು ಮೂಗಿನಿಂದ ಎಳೆದುಕೊಳ್ಳುವ ಪದಾರ್ಥಗಳು: ಸರಾಸರಿ 11.3 ವರ್ಷ, ಅಂದರೆ ಆರನೇ ತರಗತಿಯ ಮಗು. 2019ರಲ್ಲಿ ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯಲ್ಲೂ ಇದೇ ಮಾತು ಬೇರೆ ರೂಪದಲ್ಲಿ ಬಂದಿತ್ತು. ದೊಡ್ಡವರಿಗಿಂತ ಮಕ್ಕಳೇ ಹೆಚ್ಚಿನ ಪ್ರಮಾಣದಲ್ಲಿ ಬಳಸುವ ಏಕೈಕ ವರ್ಗ ಇದು. 10ರಿಂದ 17ರ ವಯಸ್ಸಿನವರಲ್ಲಿ ಶೇ 1.17, ವಯಸ್ಕರಲ್ಲಿ ಶೇ 0.58. ಬೆಂಗಳೂರಿನಲ್ಲಿ ರೈಲು ನಿಲ್ದಾಣ, ಮಾರುಕಟ್ಟೆಗಳ ಆಸುಪಾಸಿನ ಮಕ್ಕಳು ಪಂಕ್ಚರ್ ಅಂಟನ್ನು ‘ಸಲ್ಯೂಷನ್’ ಎಂದು ಕರೆಯುವುದನ್ನು ಅವರ ಜೊತೆ ಕೆಲಸ ಮಾಡುವವರೆಲ್ಲ ಬಲ್ಲರು. ಅದೇ ಬಗೆಯ ದ್ರಾವಕ ಶಾಲೆಯೊಳಗೆ ಬರುವುದು ವೈಟ್ನರ್ ಆಗಿ. ಬಾಟಲಿಯಲ್ಲಿ ಬರುವ ವೈಟ್ನರ್ ಮತ್ತು ಥಿನ್ನರ್‌ಗಳ ಚಿಲ್ಲರೆ ಮಾರಾಟವನ್ನು ಕೇಂದ್ರ ಆರೋಗ್ಯ ಸಚಿವಾಲಯ 2012ರಲ್ಲೇ ನಿಷೇಧಿಸಿ, ಸ್ವಲ್ಪವೇ ಪ್ರಮಾಣ ಹಿಡಿಯುವ ಪೆನ್ನಿನ ರೂಪದಲ್ಲಿ ಮಾತ್ರ ಮಾರಲು ಅವಕಾಶ ಕೊಟ್ಟಿತು. ಹತ್ತು ವರ್ಷಗಳ ನಂತರವೂ ಅದು ಬ್ಯಾಗುಗಳಲ್ಲಿ ಸಿಕ್ಕಿದೆ ಎಂಬುದನ್ನು ನೆನಪಿಡಬೇಕು. ಇದನ್ನು ‘ಮಕ್ಕಳ ತುಂಟಾಟ’ ಎಂದು ಹಗುರವಾಗಿ ನೋಡುವ ಶಿಕ್ಷಕರಿದ್ದಾರೆ. ವೈದ್ಯಕೀಯವಾಗಿ ಇದು ಹಗುರವಲ್ಲವೇ ಅಲ್ಲ. ಈ ದ್ರಾವಕಗಳು ಹೃದಯದ ಬಡಿತದ ಲಯವನ್ನೇ ತಪ್ಪಿಸಬಲ್ಲವು; ಮೊದಲ ಸಲವೇ ಸಾವು ಸಂಭವಿಸಿದ ಉದಾಹರಣೆಗಳು ವೈದ್ಯ ಸಾಹಿತ್ಯದಲ್ಲಿವೆ. ಕರವಸ್ತ್ರದಲ್ಲೋ ಯೂನಿಫಾರ್ಮಿನ ತೋಳಿನಲ್ಲೋ ಪೇಂಟಿನ ವಾಸನೆ, ಬಾಯಿ ಮೂಗಿನ ಸುತ್ತ ಒಣಗಿದ ಹುಣ್ಣು, ಊಟದ ವಿರಾಮದ ನಂತರದ ಪೀರಿಯಡ್‌ನಲ್ಲಿ ಕಾರಣವಿಲ್ಲದ ತೊದಲು: ಕೆಂಪು ಕಣ್ಣು ಹುಡುಕುವ ಶಿಕ್ಷಕರು ಇವನ್ನು ಗಮನಿಸುವುದು ಹೆಚ್ಚು ಉಪಯುಕ್ತ.

ಇನ್ನು ಅಂಗಡಿಯ ಮಾತು. ನಗರದ ಯಾವುದಾದರೂ ಪ್ರೌಢಶಾಲೆಯ ಗೇಟಿನಿಂದ ಮುಖ್ಯ ರಸ್ತೆಯ ತಿರುವಿನವರೆಗೆ ನಡೆದು ನೋಡಬಹುದು. ಜೆರಾಕ್ಸ್ ಅಂಗಡಿ, ಬೇಕರಿ, ಅದರ ಪಕ್ಕದಲ್ಲಿ ಗೂಡಂಗಡಿ. ಚಿಪ್ಸ್ ಪೊಟ್ಟಣಗಳ ಮಾಲೆಯ ಪಕ್ಕದಲ್ಲೇ ಗುಟ್ಕಾ ಬದಲಿಗೆ ಬಂದ ಪಾನ್ ಮಸಾಲಾ ಮತ್ತು ತಂಬಾಕಿನ ಜೋಡಿ ಪೊಟ್ಟಣಗಳ ಮಾಲೆ, ಕಂಬಕ್ಕೆ ದಾರದಿಂದ ಕಟ್ಟಿ ಇಳಿಬಿಟ್ಟ ಲೈಟರ್, ಒಡೆದ ಪ್ಯಾಕಿನಿಂದ ಒಂದೊಂದಾಗಿ ಮಾರುವ ಸಿಗರೇಟು, ಜೊತೆಗೊಂದು ಪುದೀನ ಮಿಠಾಯಿ. ಪೂರ್ತಿ ಪ್ಯಾಕಿಗೆ ಕೊಡುವಷ್ಟು ದುಡ್ಡು ಒಂಬತ್ತನೇ ತರಗತಿಯ ಹುಡುಗನ ಬಳಿ ಇರುವುದಿಲ್ಲ; ಒಂದು ಸಿಗರೇಟಿಗೆ ಸಾಲುವಷ್ಟು ಇರುತ್ತದೆ. ಹಾಗಾಗಿ ಬಿಡಿ ಮಾರಾಟವೇ ಮಕ್ಕಳ ಮಾರುಕಟ್ಟೆ. 2003ರ ಕೇಂದ್ರ ತಂಬಾಕು ನಿಯಂತ್ರಣ ಕಾಯ್ದೆಯು ಹದಿನೆಂಟು ತುಂಬದವರಿಗೆ ಮತ್ತು ಶಿಕ್ಷಣ ಸಂಸ್ಥೆಗಳಿಂದ ನೂರು ಗಜದೊಳಗೆ ತಂಬಾಕು ಮಾರುವುದನ್ನು ನಿಷೇಧಿಸಿತ್ತು. 2025ರಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿ ವಯೋಮಿತಿಯನ್ನು 21ಕ್ಕೆ ಏರಿಸಿತು, ಬಿಡಿ ಸಿಗರೇಟು ಮಾರಾಟವನ್ನೂ ಹುಕ್ಕಾ ಬಾರ್‌ಗಳನ್ನೂ ನಿಷೇಧಿಸಿತು. ಕಾನೂನು ಚೆನ್ನಾಗಿದೆ. ಗೂಡಂಗಡಿಯವನ ಮೇಲೆ ಅದನ್ನು ದಿನನಿತ್ಯ ಜಾರಿ ಮಾಡುವವರು ಯಾರು ಎಂಬ ಪ್ರಶ್ನೆಗೆ ಪಾಲಿಕೆ, ಆರೋಗ್ಯ ಇಲಾಖೆ, ಪೊಲೀಸರು ಮೂವರೂ ಇನ್ನೊಬ್ಬರತ್ತ ಬೆರಳು ತೋರಿಸುತ್ತಾರೆ. ಇ–ಸಿಗರೇಟಿನ ಕಥೆಯೂ ಇಷ್ಟೇ: ಕರ್ನಾಟಕ 2016ರಲ್ಲಿ, ಕೇಂದ್ರ 2019ರಲ್ಲಿ ನಿಷೇಧಿಸಿದ ಈ ವಸ್ತು ಹೈಲೈಟರ್ ಪೆನ್ನಿನಂತೆ ಕಾಣುವ ರೂಪದಲ್ಲಿ ಶಾಲಾ ಶೌಚಾಲಯಗಳನ್ನು ತಲುಪಿದೆ.

ಮದ್ಯದ ವಿಷಯದಲ್ಲಿ ಸರ್ಕಾರದ ನಿಲುವು ಇನ್ನೂ ಗೋಜಲು. ಕರ್ನಾಟಕದಲ್ಲಿ ಅಗ್ಗದ ವಿಸ್ಕಿ ಮಾರಾಟವಾಗುವುದು ಬಹುಪಾಲು 90 ಮಿಲಿಲೀಟರಿನ ಟೆಟ್ರಾ ಪ್ಯಾಕಿನಲ್ಲಿ. ಅಂಗೈಯಲ್ಲಿ ಹಿಡಿಸುವ, ಒಡೆಯದ, ಸದ್ದು ಮಾಡದ, ಮಾವಿನ ಜ್ಯೂಸಿನ ಪ್ಯಾಕಿನಂತೆಯೇ ಕಾಣುವ ಈ ‘ನೈಂಟಿ’ ಕೂಲಿ ಕಾರ್ಮಿಕರನ್ನು ಗಮನದಲ್ಲಿಟ್ಟುಕೊಂಡು ರೂಪುಗೊಂಡದ್ದಿರಬಹುದು. ಶಾಲಾ ಬ್ಯಾಗಿನ ಪಕ್ಕದ ಜೇಬಿಗೂ ಅದು ಸರಿಹೊಂದುತ್ತದೆ. 2025ರ ನವೆಂಬರ್‌ನಲ್ಲಿ ಎರಡು ವಿಸ್ಕಿ ಬ್ರ್ಯಾಂಡುಗಳ ಟ್ರೇಡ್‌ಮಾರ್ಕ್ ವ್ಯಾಜ್ಯದ ವಿಚಾರಣೆ ನಡೆಯುತ್ತಿದ್ದಾಗ ಟೆಟ್ರಾ ಪ್ಯಾಕನ್ನು ಕಂಡ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳು, ಮಕ್ಕಳು ಇದನ್ನು ಶಾಲೆಗೆ ಒಯ್ಯಬಹುದಲ್ಲವೇ, ಸರ್ಕಾರಗಳು ಇದಕ್ಕೆ ಹೇಗೆ ಅನುಮತಿ ಕೊಡುತ್ತಿವೆ ಎಂದು ಪ್ರಶ್ನಿಸಿದರು. ಉತ್ತರ ಬಜೆಟ್ ಪುಸ್ತಕದಲ್ಲಿದೆ. 2025–26ನೇ ಸಾಲಿಗೆ ಅಬಕಾರಿಯಿಂದ 40,000 ಕೋಟಿ ರೂಪಾಯಿ ಸಂಗ್ರಹಿಸುವ ಗುರಿಯನ್ನು ರಾಜ್ಯ ಇಟ್ಟುಕೊಂಡಿತ್ತು. 2023ರ ಜನವರಿಯಲ್ಲಿ, ಬ್ಯಾಗು ತಪಾಸಣೆಯ ಸುದ್ದಿ ಇನ್ನೂ ಹಳತಾಗುವ ಮೊದಲೇ, ಮದ್ಯ ಕೊಳ್ಳುವ ವಯಸ್ಸನ್ನು 21ರಿಂದ 18ಕ್ಕೆ ಇಳಿಸುವ ಕರಡು ನಿಯಮ ಹೊರಬಿತ್ತು. ಜನ ವಿರೋಧಿಸಿದ ಮೇಲೆ ಸರ್ಕಾರ ಅದನ್ನು ಕೈಬಿಟ್ಟಿತು.

ಮನೆಯನ್ನೂ ಬಿಡುವಂತಿಲ್ಲ. ಏಮ್ಸ್ ಸಮೀಕ್ಷೆಯಲ್ಲಿ ಶೇ 40ರಷ್ಟು ಮಕ್ಕಳು ತಮ್ಮ ಮನೆಯಲ್ಲಿ ಯಾರಾದರೊಬ್ಬರು ತಂಬಾಕು ಅಥವಾ ಮದ್ಯ ಬಳಸುತ್ತಾರೆ ಎಂದಿದ್ದಾರೆ. ತಮ್ಮ ವಯಸ್ಸಿನವರಿಗೆ ತಂಬಾಕು ಸುಲಭವಾಗಿ ಸಿಗುತ್ತದೆ ಎಂದವರು ಶೇ 46ರಷ್ಟು, ಮದ್ಯ ಸಿಗುತ್ತದೆ ಎಂದವರು ಶೇ 36ರಷ್ಟು. ಭಾನುವಾರ ಅಪ್ಪನಿಗೆ ಸಿಗರೇಟು ತರಲು ಕಳಿಸುವ ಮನೆಯಲ್ಲಿ ಅಂಗಡಿಯವನಿಗೂ ಮಗುವಿನ ಮುಖದ ಪರಿಚಯವಾಗಿಬಿಟ್ಟಿರುತ್ತದೆ.

ಇಷ್ಟೆಲ್ಲ ಇರುವಾಗ ಶಾಲೆಗಳು ಏನು ಮಾಡುತ್ತಿವೆ? ಜೂನ್ 26ರಂದು ಮಾದಕ ವಸ್ತು ವಿರೋಧಿ ದಿನ. ಬೆಳಿಗ್ಗೆ ಜಾಥಾ, ಕೈಯಲ್ಲಿ ಫಲಕ, ಠಾಣೆಯ ಇನ್‌ಸ್ಪೆಕ್ಟರರಿಂದ ಭಾಷಣ, ಪ್ರತಿಜ್ಞಾವಿಧಿ, ಮಧ್ಯಾಹ್ನ ಚಿತ್ರಕಲಾ ಸ್ಪರ್ಧೆಯಲ್ಲಿ ಸಿರಿಂಜು ಮತ್ತು ತಲೆಬುರುಡೆಯ ಚಿತ್ರಗಳು. ಇದನ್ನು ‘ಅರಿವು ಮೂಡಿಸುವ ಕಾರ್ಯಕ್ರಮ’ ಎನ್ನುತ್ತೇವೆ. ಆದರೆ ಮಾದಕ ವಸ್ತು ಹಾನಿಕರ ಎಂದು ಒಪ್ಪುವ ಮಕ್ಕಳು ಅದೇ ಸಮೀಕ್ಷೆಯಲ್ಲಿ ಸುಮಾರು ಶೇ 95. ಎಂಟನೇ ತರಗತಿಗೂ ಹನ್ನೆರಡನೇ ತರಗತಿಗೂ ಈ ಅರಿವಿನಲ್ಲಿ ವ್ಯತ್ಯಾಸವಿಲ್ಲ. ಬಳಕೆಯಲ್ಲಿ ಮಾತ್ರ ಇದೆ, ದೊಡ್ಡ ತರಗತಿಯವರಲ್ಲಿ ಅದು ಎಂಟನೇ ತರಗತಿಯವರ ಎರಡರಷ್ಟು. ಗೊತ್ತಿರುವುದನ್ನೇ ಮತ್ತೆ ಹೇಳಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಅನುಭವವಿದೆ. ಪೊಲೀಸ್ ಅಧಿಕಾರಿಗಳು ತರಗತಿಗೆ ಬಂದು ಪಾಠ ಹೇಳುವ ‘ಡೇರ್’ ಕಾರ್ಯಕ್ರಮ 1983ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಶುರುವಾಗಿ ದೇಶವಿಡೀ ಹರಡಿತು. ಮುಂದೆ ನಡೆದ ಅಧ್ಯಯನಗಳು ಮತ್ತೆ ಮತ್ತೆ ಕಂಡುಕೊಂಡದ್ದು, ಆ ಪಾಠ ಕೇಳಿದ ಮಕ್ಕಳಿಗೂ ಕೇಳದ ಮಕ್ಕಳಿಗೂ ಮುಂದಿನ ಬಳಕೆಯಲ್ಲಿ ಹೇಳಿಕೊಳ್ಳುವಂಥ ಅಂತರವಿಲ್ಲ ಎಂದು.

ತಿಳಿದೂ ಯಾಕೆ? ಹದಿಹರೆಯದಲ್ಲಿ ಸುಖದ ಸೆಳೆತಕ್ಕೆ ಸ್ಪಂದಿಸುವ ಮೆದುಳಿನ ಭಾಗ ಬೇಗ ಚುರುಕಾಗುತ್ತದೆ, ಅದಕ್ಕೆ ಕಡಿವಾಣ ಹಾಕುವ ಮುಂಭಾಗ ಇಪ್ಪತ್ತೈದರ ಹೊತ್ತಿಗೆ ಬಲಿಯುತ್ತದೆ ಎಂಬ ವಿವರಣೆ ಈಗ ಎಲ್ಲರಿಗೂ ಪರಿಚಿತ. ಅದು ಸರಿಯೇ, ಆದರೆ ಅದೊಂದನ್ನೇ ಹಿಡಿದರೆ ಎಲ್ಲ ಮಕ್ಕಳೂ ಒಂದೇ ಆಗಿಬಿಡುತ್ತಾರೆ. ನಲವತ್ತರಲ್ಲಿ ಆ ಮೂವರೇ ಏಕೆ ಎಂಬುದಕ್ಕೆ ಅದು ಉತ್ತರಿಸುವುದಿಲ್ಲ. ಸಮೀಕ್ಷೆಯಲ್ಲಿ ಬಳಕೆ ಮಾಡಿದ ಮಕ್ಕಳ ಪೈಕಿ ಶೇ 31ರಷ್ಟು ಮಂದಿಯಲ್ಲಿ, ಮಾಡದವರ ಪೈಕಿ ಶೇ 25ರಷ್ಟು ಮಂದಿಯಲ್ಲಿ ಮಾನಸಿಕ ತೊಂದರೆಯ ಲಕ್ಷಣಗಳು ಹೆಚ್ಚಾಗಿ ಕಂಡವು. ಯಾವುದು ಕಾರಣ, ಯಾವುದು ಪರಿಣಾಮ ಎಂದು ಇಂಥ ಸಮೀಕ್ಷೆಯಿಂದ ಹೇಳಲಾಗದು. ಆದರೂ ಶಾಲೆಯ ಮಟ್ಟಿಗೆ ಇದರ ಅರ್ಥ ಸ್ಪಷ್ಟ: ಸುಮ್ಮನೆ ಕೂರಲಾಗದ, ಪದೇ ಪದೇ ಜಗಳವಾಡುವ, ಗೈರುಹಾಜರಾಗುವ ಮಗುವನ್ನು ತರಗತಿಯ ಹೊರಗೆ ನಿಲ್ಲಿಸುವ ಬದಲು ಕೂರಿಸಿ ಮಾತಾಡಿಸಬೇಕು. ಬ್ಯಾಗು ಹುಡುಕುವುದಕ್ಕಿಂತ ಆರು ತಿಂಗಳು ಮೊದಲೇ ಹಾಜರಿ ಪುಸ್ತಕ ಏನನ್ನೋ ಹೇಳುತ್ತಿರುತ್ತದೆ.

ಆದರೆ ಮಗು ಸಿಕ್ಕಿಬಿದ್ದಾಗ ನಡೆಯುವುದೇನು? ಪೋಷಕರನ್ನು ಕರೆಸುತ್ತಾರೆ. ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ತಾಯಿ ಅಳುತ್ತಾರೆ, ತಂದೆ ಅಲ್ಲೇ ಒಂದು ಏಟು ಹಾಕುತ್ತಾರೆ. ಆಮೇಲೆ ಒಂದು ಬಿಳಿ ಹಾಳೆ ಮುಂದಕ್ಕೆ ಬರುತ್ತದೆ: ‘ನಾವು ಮನೆ ಬದಲಾಯಿಸುತ್ತಿರುವುದರಿಂದ ನಮ್ಮ ಮಗನ ಟಿ.ಸಿ. ಕೊಡಬೇಕಾಗಿ ವಿನಂತಿ.’ ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ, ಅಂದರೆ ಎಂಟನೇ ತರಗತಿಯವರೆಗೆ, ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಕಲಂ ಹೇಳುತ್ತದೆ. ಹಾಗಾಗಿ ಹೊರಹಾಕಿದ್ದು ಎಂದೂ ದಾಖಲಾಗುವುದಿಲ್ಲ, ಪೋಷಕರೇ ಕೇಳಿಕೊಂಡದ್ದಾಗುತ್ತದೆ. ಟಿ.ಸಿ.ಯಲ್ಲಿ ನಡತೆಯ ಕಾಲಂನಲ್ಲಿ ‘ತೃಪ್ತಿಕರ’ ಎಂದೇ ಇರುತ್ತದೆ. ಶಾಲೆಯ ಹೆಸರು ಉಳಿಯಿತು, ಮುಂದಿನ ಶಾಲೆಗೆ ಏನೂ ಗೊತ್ತಾಗಲಿಲ್ಲ, ಮಗುವಿಗೆ ಚಿಕಿತ್ಸೆಯೂ ಸಿಗಲಿಲ್ಲ. ತರಗತಿಯಲ್ಲಿ ಉಳಿದ ಮೂವತ್ತೊಂಬತ್ತು ಮಕ್ಕಳು ಕಲಿತ ಪಾಠ ಒಂದೇ, ಬಾಯಿ ಬಿಡಬಾರದು. ಮುಚ್ಚಿಡುತ್ತೇವೆ ಎಂದ ಆ ಅರ್ಧಕ್ಕಿಂತ ಹೆಚ್ಚು ಮಕ್ಕಳನ್ನು ಸುಳ್ಳುಗಾರರೆಂದು ನೋಡುವುದು ತಪ್ಪು. ಅವರು ಸುತ್ತ ನಡೆದದ್ದನ್ನು ಕಂಡು ಸರಿಯಾಗಿಯೇ ಲೆಕ್ಕ ಹಾಕಿದ್ದಾರೆ.

ಕಾನೂನು ನಮ್ಮ ಶಾಲೆಗಳಷ್ಟು ಕಠೋರವಾಗಿಲ್ಲ ಎಂಬುದು ಹಲವರಿಗೆ ತಿಳಿದಿಲ್ಲ. 2015ರ ಬಾಲ ನ್ಯಾಯ ಕಾಯ್ದೆಯ 77ನೇ ಕಲಂ ಪ್ರಕಾರ ವೈದ್ಯರ ಆದೇಶವಿಲ್ಲದೆ ಮಗುವಿಗೆ ಮದ್ಯ, ಮಾದಕ ವಸ್ತು ಅಥವಾ ತಂಬಾಕು ಕೊಟ್ಟವರಿಗೆ ಏಳು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ. ಮಗುವಿನ ಕೈಯಲ್ಲಿ ಮಾಲು ಸಾಗಿಸಿದವರಿಗೆ 78ನೇ ಕಲಂನಡಿ ಅಷ್ಟೇ ಶಿಕ್ಷೆ. ಈ ಪೈಕಿ 77ನೇ ಕಲಂ ಗೂಡಂಗಡಿಯವನಿಗೂ ಅನ್ವಯಿಸುತ್ತದೆ. ಮಗುವಿನ ವಿಷಯದಲ್ಲಿ ಆ ಕಾಯ್ದೆಯ ಧಾಟಿಯೇ ಬೇರೆ: ವಯಸ್ಕರ ಜೊತೆ ಸೇರಿ ಎಸಗಿದ ಅಥವಾ ಘೋರ ಸ್ವರೂಪದ ಅಪರಾಧವಲ್ಲದಿದ್ದರೆ ಎಫ್‌ಐಆರ್ ಹಾಕದೆ, ಠಾಣೆಯ ದಿನಚರಿಯಲ್ಲಿ ಬರೆದು, ಮಗುವಿನ ಸಾಮಾಜಿಕ ಹಿನ್ನೆಲೆಯ ವರದಿಯೊಂದಿಗೆ ಬಾಲ ನ್ಯಾಯ ಮಂಡಳಿಗೆ ಕಳಿಸಬೇಕೆಂದು 2016ರ ಮಾದರಿ ನಿಯಮಗಳು ಹೇಳುತ್ತವೆ. ಕಠಿಣವೆಂದೇ ಹೆಸರಾದ 1985ರ ಮಾದಕ ವಸ್ತು ಕಾಯ್ದೆಯಲ್ಲೂ ಸ್ವಇಚ್ಛೆಯಿಂದ ಚಿಕಿತ್ಸೆಗೆ ಬರುವ ವ್ಯಸನಿಗೆ 64ಎ ಕಲಂನಡಿ ವಿನಾಯಿತಿ ಇದೆ. ‘ಪೊಲೀಸರಿಗೆ ಹಿಡಿದುಕೊಡುತ್ತೇನೆ’ ಎಂದು ಮಗುವನ್ನು ಹೆದರಿಸುವ ಶಿಕ್ಷಕರಿಗೆ ಈ ಮೂರು ಕಲಂಗಳನ್ನು ಒಮ್ಮೆ ಓದಿಸಿದರೆ ಸಾಕಷ್ಟು ಬದಲಾಗುತ್ತದೆ.

ಬದಲಾಯಿಸಲು ಸಾಧ್ಯವೇ ಎಂಬ ಪ್ರಶ್ನೆಗೆ ಐಸ್‌ಲ್ಯಾಂಡಿನ ಉದಾಹರಣೆಯನ್ನು ಎಲ್ಲರೂ ಕೊಡುತ್ತಾರೆ. ಅಲ್ಲಿ ಹಿಂದಿನ ಒಂದು ತಿಂಗಳಲ್ಲಿ ಕುಡಿದು ಅಮಲೇರಿದ್ದ 15–16 ವಯಸ್ಸಿನ ಮಕ್ಕಳು 1998ರಲ್ಲಿ ಶೇ 42 ಇದ್ದದ್ದು 2016ಕ್ಕೆ ಶೇ 5ಕ್ಕೆ ಇಳಿಯಿತು. ನಾಲ್ಕು ಲಕ್ಷವೂ ಇಲ್ಲದ ಜನಸಂಖ್ಯೆಯ ದೇಶವನ್ನು ಬೆಂಗಳೂರಿನ ಮುಂದಿಡುವುದು ಸ್ವಲ್ಪ ಅತಿಯೇ. ಆದರೂ ಅವರು ಮಾಡಿದ್ದೇನು ಎಂಬುದು ಗಮನಾರ್ಹ. ಪ್ರತಿ ಶಾಲೆಯ ಮಕ್ಕಳನ್ನು ಹೆಸರಿಲ್ಲದ ಪ್ರಶ್ನಾವಳಿಯ ಮೂಲಕ ನಿಯಮಿತವಾಗಿ ಕೇಳಿದರು; ಫಲಿತಾಂಶವನ್ನು ಆಯಾ ಊರಿಗೆ ಬೇಗ ಮರಳಿಸಿದರು; ಶಾಲೆ ಬಿಟ್ಟ ನಂತರದ ಗಂಟೆಗಳನ್ನು ಆಟ, ಸಂಗೀತಗಳಿಂದ ತುಂಬಲು ಪ್ರತಿ ಮಗುವಿನ ಹೆಸರಿನಲ್ಲಿ ಹಣ ಕೊಟ್ಟರು; ಮಕ್ಕಳ ಮೇಲೆ ಕಣ್ಣಿಡುವ ಬಗ್ಗೆ ಪೋಷಕರು ಪರಸ್ಪರ ಒಪ್ಪಂದ ಮಾಡಿಕೊಂಡರು. ನಮ್ಮಲ್ಲಿ ಶಾಲೆ ಬಿಟ್ಟ ನಂತರ ಇರುವುದು ಟ್ಯೂಷನ್, ಮತ್ತು ಟ್ಯೂಷನ್ ಹೆಸರಿನ ಲೆಕ್ಕ ಸಿಗದ ಎರಡು ಗಂಟೆ. ಆಟದ ಮೈದಾನವಿಲ್ಲದ ಶಾಲೆಗಳಿಗೆ ಕಟ್ಟಡಗಳ ಮಹಡಿ ಮೇಲೆ ಮಾನ್ಯತೆ ಕೊಟ್ಟು, ಮಕ್ಕಳು ಸಂಜೆ ಎಲ್ಲಿರುತ್ತಾರೆ ಎಂದು ಕೇಳಿದರೆ ಉತ್ತರ ಗೂಡಂಗಡಿಯ ಹಿಂದೆ ಎಂದೇ ಇರುತ್ತದೆ.

ಸಹಾಯದ ವ್ಯವಸ್ಥೆ ಪೂರ್ತಿ ಇಲ್ಲವೆಂದಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸಾ ಕೇಂದ್ರವಿದೆ, ಮಕ್ಕಳ ಮನೋವೈದ್ಯ ವಿಭಾಗವಿದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ–ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು. ಮಾದಕ ವ್ಯಸನಕ್ಕೆಂದೇ 14446 ಇದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗಾಗಿ ತೆರೆದ ‘ಸ್ನೇಹ ಕ್ಲಿನಿಕ್’ಗಳಿವೆ, ಆದರೆ ಅವು ತೆರೆದಿರುವ ಹೊತ್ತಿಗೆ ಮಕ್ಕಳು ತರಗತಿಯಲ್ಲಿರುತ್ತಾರೆ. ಗಾಬರಿಗೊಂಡ ಪೋಷಕರು ಮಾತ್ರ ಇವನ್ನೆಲ್ಲ ದಾಟಿ, ಜಾಹೀರಾತು ನೋಡಿ, ದೊಡ್ಡ ವಯಸ್ಸಿನ ಕುಡುಕರ ಜೊತೆ ಹದಿನೈದರ ಹುಡುಗನನ್ನೂ ಕೂಡಿಹಾಕುವ ಖಾಸಗಿ ಕೇಂದ್ರಗಳಿಗೆ ಸೇರಿಸುವುದುಂಟು. ಬಹುತೇಕ ಮಕ್ಕಳಿಗೆ ಆಸ್ಪತ್ರೆ ವಾಸದ ಅಗತ್ಯವೇ ಇರುವುದಿಲ್ಲ. ಪ್ರಯೋಗದ ಹಂತದಲ್ಲಿರುವವರಿಗೆ ತರಬೇತಿ ಪಡೆದವರೊಡನೆ ಕೆಲವು ಭೇಟಿಗಳ ಮಾತುಕತೆ, ಮನೆಯವರಿಗೂ ಒಂದಿಷ್ಟು ಸಲಹೆ ಸಾಕಾಗುತ್ತದೆ.

ಆ ಮಾತುಕತೆ ನಡೆಸಬೇಕಾದವರು ಶಾಲೆಯ ಆಪ್ತ ಸಮಾಲೋಚಕರು. ಸಿಬಿಎಸ್‌ಇ ಶಾಲೆಗಳಲ್ಲಿ ಅವರ ನೇಮಕ ಕಡ್ಡಾಯ; ರಾಜ್ಯ ಪಠ್ಯಕ್ರಮದ ಶಾಲೆಗಳಲ್ಲಿ ಆ ಕೆಲಸ ಸಾಮಾನ್ಯವಾಗಿ ಬಿಡುವಿದ್ದ ಶಿಕ್ಷಕರ ಹೆಗಲಿಗೆ ಬೀಳುತ್ತದೆ. ಕೊಠಡಿಯೊಳಗೆ ಬಂದ ಮಗು ಮೊದಲು ಕೇಳುವುದು ‘ಮಿಸ್, ಪ್ರಿನ್ಸಿಪಾಲರಿಗೆ ಹೇಳ್ತೀರಾ?’ ಎಂದು. ಸಮಾಲೋಚಕರ ಸಂಬಳ ಕೊಡುವುದು ಅದೇ ಪ್ರಿನ್ಸಿಪಾಲರ ಆಡಳಿತ ಮಂಡಳಿ. ಮಗುವಿನ ಜೀವಕ್ಕೆ ತಕ್ಷಣದ ಅಪಾಯವಿದ್ದಾಗ ಬಿಟ್ಟು ಬೇರೆ ಸಂದರ್ಭದಲ್ಲಿ ಕೇಳಿದ್ದನ್ನು ಆಡಳಿತಕ್ಕೆ ತಿಳಿಸಬೇಕಿಲ್ಲ, ತಾನಾಗಿ ಹೇಳಿಕೊಂಡ ಮಗುವಿಗೆ ಆ ಕಾರಣಕ್ಕೆ ಟಿ.ಸಿ. ಕೊಡುವಂತಿಲ್ಲ ಎಂಬ ಎರಡು ಸಾಲುಗಳನ್ನು ಶಿಕ್ಷಣ ಇಲಾಖೆ ಒಂದು ಸುತ್ತೋಲೆಯಲ್ಲಿ ಹಾಕಬಹುದು. ಅದಕ್ಕೆ ಹೊಸ ಕಾಯ್ದೆಯೂ ಬೇಡ, ಬಜೆಟ್ಟೂ ಬೇಡ.